ಕಲಾಯಿಯವನ ನೀರು

ಫೆಬ್ರವರಿ 3, 2003. ಭಾಲ್ಕಿ

ಗೆದ್ದೆ. ಏಳು ವರ್ಷದ ಜಗಳ ಇವತ್ತು ಮುಗಿಯಿತು. ಪಾತ್ರೆಗಳಿಗೆ ಕಲಾಯಿ ಹಾಕುವ ಖಾಸಿಂ ಅಲಿ ತನ್ನ ತಿದಿ, ಇದ್ದಿಲಿನ ಚೀಲ, ತವರದ ಡಬ್ಬಿ ಎಲ್ಲ ಗಂಟು ಕಟ್ಟಿಕೊಂಡು ನನ್ನ ಅಂಗಡಿಯ ಗೋಡೆ ಬಿಟ್ಟು ಎದ್ದ.

ಬೇರೆಯವರಿಗೆ ಇದು ಸಣ್ಣ ಸಂಗತಿ. ಅವರು ಬಂದು ನನ್ನ ಕಿಟಕಿಯ ಪಕ್ಕ ಕುಳಿತು ನೋಡಲಿ. ಬೇವಿನ ಗಿಡದ ಕೆಳಗೆ ಬೆಂಕಿ ಹಾಕಿ, ಹಂಡೆ ಕಾಯಿಸಿ, ಅದರೊಳಗೆ ನವಸಾಗರ ಉದುರಿಸಿದನೆಂದರೆ ಬಿಳಿ ಹೊಗೆ ನೇರವಾಗಿ ನನ್ನ ಮೂಗಿಗೆ. ಕಾದ ಪಾತ್ರೆಯನ್ನು ಬಕೆಟ್ಟಿನಲ್ಲಿ ಅದ್ದಿ ಚುಂಯ್ ಅನ್ನಿಸಿ, ಬೂದಿ ಇದ್ದಿಲು ಕೂಡಿದ ಆ ಕರಿ ನೀರನ್ನು ನನ್ನ ಗೋಡೆಯ ಬುಡಕ್ಕೇ ಚೆಲ್ಲುವುದು. ಗೋಡೆಗೆ ಸೊಂಟದವರೆಗೆ ಕಲೆ ಹತ್ತಿದೆ. ಟೈಪಿಂಗ್ ಕಲಿಯಲು ಬರುವ ಹುಡುಗಿಯರು ಕೆಮ್ಮುತ್ತ ಕೀಲಿ ಒತ್ತುತ್ತಿದ್ದರು. ಕಂಪ್ಯೂಟರ್ ಮೇಲೆ ದಿನಾ ಮಸಿ ಒರೆಸುವುದೇ ನನಗೊಂದು ಕೆಲಸವಾಗಿತ್ತು.

ಬಾಯಿಮಾತಿಗೆ ಬಗ್ಗದವನನ್ನು ಬರ ಬಗ್ಗಿಸಿತು. ಓಣಿಯಲ್ಲಿ ನೀರಿನ ಕಮಿಟಿ ಆಗಿದೆ, ಪಂಢರಿ ಅದರ ಮುಖ್ಯಸ್ಥ. ಟ್ಯಾಂಕರ್ ಮೂರು ದಿನಕ್ಕೊಮ್ಮೆ. ನಾನೇ ಒಂದು ಅರ್ಜಿ ಟೈಪ್ ಮಾಡಿ ಕೊಟ್ಟೆ: ನೆಲಕ್ಕೆ ನೀರು ಚೆಲ್ಲಿ ವ್ಯರ್ಥ ಮಾಡುವವರಿಗೆ ಟ್ಯಾಂಕರಿನ ಸರದಿ ಕೊಡಬಾರದು; ಉದಾಹರಣೆ, ಖಾಸಿಂ ಅಲಿ. ಕಮಿಟಿ ಒಪ್ಪಿ ಅದನ್ನೇ ರೂಲು ಮಾಡಿತು.

"ಬಾಯಿ, ಇದು ಭಾಂಡಿ ಅದ್ದಿದ ಹೊಲಸು ನೀರರಿ. ಇದನ್ನ ಯಾರು ಕುಡೀತಾರ?" ಅಂದ.

"ಹೊಲಸಿದ್ದರ ನಿಮ್ಮ ಮನಿ ಮುಂದ ಚೆಲ್ಲಿಕೊಳ್ಳರಿ" ಅಂದೆ.

ಔರಾದದಲ್ಲಿ ಅವನ ಭಾವಮೈದುನ ಅಯ್ಯುಬನ ಅಂಗಳವಿದೆಯಂತೆ, ಅಲ್ಲಿಗೆ ಹೋದ. ಹೆಂಡತಿ ಅಕ್ತರಬೀ ಓಣಿಯ ಕೊನೆಯ ಮನೆಯಲ್ಲಿ ಉಳಿದಿದ್ದಾಳೆ. ಅವನನ್ನು ಕಳಿಸಲು ಬಂದವಳು ನನ್ನತ್ತ ನೋಡಿ ನೆಲಕ್ಕೆ ಉಗುಳಿದಳು. ಉಗುಳಲಿ, ಅದಕ್ಕೆ ರೂಲಿಲ್ಲ.

ನೀರಿನ ಮಾತಿನಲ್ಲಿ ನನಗೆ ಯಾರ ಮುಲಾಜೂ ಇಲ್ಲ. ಅವ್ವ ಕೇಶರಬಾಯಿ ಊರ ಬಾವಿಯಿಂದ ದೂರ ನಿಂತು ತಾಮ್ರದ ತಂಬಿಗೆ ಮುಂದೆ ಚಾಚುತ್ತಿದ್ದಳು. ಮನಸ್ಸಾದವರು ಮುಟ್ಟದೆ ಮೇಲಿನಿಂದ ಹೊಯ್ಯುತ್ತಿದ್ದರು. ಮನಸ್ಸಾಗದ ದಿನ ಹಾಗೇ ಬರುತ್ತಿದ್ದಳು. ಅದಕ್ಕೇ ಈ ಓಣಿಯಲ್ಲಿ ಮೊದಲ ನಳ ಹಾಕಿಸಿದವಳು ನಾನು. ಈಗ ನಳದಲ್ಲಿ ಗಾಳಿ ಬರುತ್ತದೆ, ಆ ಮಾತು ಬೇರೆ. ಆ ತಂಬಿಗೆ ನನ್ನ ಹತ್ತಿರವೇ ಇದೆ. ಅದರ ಕಲಾಯಿ ಹೋಗಿ ವರ್ಷಗಳಾದವು. ಹಾಗೇ ಇಟ್ಟೇನು, ಇವನಿಗೆ ಮಾತ್ರ ಕೊಡೆನು ಎಂದು ಇಟ್ಟಿದ್ದೇನೆ.

ಫೆಬ್ರವರಿ 8

ಕಿಟಕಿ ತೆರೆದಿಟ್ಟು ಕೆಲಸ ಮಾಡಿದೆ. ಸುಖ.

ಫೆಬ್ರವರಿ 17

ಮೌಸ್‌ಗೆ ಹುಚ್ಚು ಹಿಡಿದಿದೆ.

ಪ್ರಿಂಟರ್ ಆರಿಸಿದ್ದರೆ ಅದು ಸಾಧು ಹಸು. ಪ್ರಿಂಟರ್ ಕಿರ್ ಎಂದು ಶುರುವಾದ ಕೂಡಲೇ ಪರದೆಯ ಮೇಲಿನ ಬಾಣ ಒಂದು ಮೂಲೆಗೆ ಹಾರುತ್ತದೆ, ತಾನೇ ಏನೋ ಒತ್ತುತ್ತದೆ, ಪುಟ ಮುಚ್ಚುತ್ತದೆ. ಗಣಿತದ ಪ್ರಶ್ನೆಪತ್ರಿಕೆ ಅರ್ಧಕ್ಕೆ ನಿಂತು ಉಳಿದರ್ಧದ ಬದಲು ಕಸ ಅಚ್ಚಾಯಿತು. ಪ್ರಿಂಟರ್ ಆರಿಸಿದೆ, ಮೌಸ್ ಸರಿಯಾಯಿತು. ಹಚ್ಚಿದೆ, ಮತ್ತೆ ಹುಚ್ಚು.

ಇದೇ ಹೊತ್ತಿಗೆ ಆಗಬೇಕೇ? ಐದು ಶಾಲೆಗಳ ವಾರ್ಷಿಕ ಪರೀಕ್ಷೆಯ ಕೆಲಸ ಈ ಸಲ ನನಗೆ ಬಂದಿದೆ. ಮಾರ್ಚ್ 22ಕ್ಕೆ ಎಲ್ಲ ಕೊಡಬೇಕು. ಕೊಡದಿದ್ದರೆ ಬೀದರದ ಪ್ರೆಸ್ಸಿನವರು ಕಾದು ಕುಳಿತಿದ್ದಾರೆ. ಊರಿನ ಅರ್ಧ ಜನ ಹೈದರಾಬಾದ ಕಡೆ ದುಡಿಯಲು ಹೋದ ಮೇಲೆ ಟೈಪಿಂಗ್ ಕಲಿಯುವವರೂ ಇಲ್ಲ. ಈ ಕೆಲಸ ಹೋದರೆ ಅಂಗಡಿ ಮುಚ್ಚುವುದೇ. ಅಂಗಡಿ ಬಿಟ್ಟರೆ ನನಗೇನಿದೆ?

ಫೆಬ್ರವರಿ 19

ಮಷಿನ್ ಮಾರಿದ ಬೀದರದ ದತ್ತಾತ್ರಿಗೆ ಫೋನ್ ಮಾಡಿದೆ. ಅಲ್ಲೇ ಮೈಲೂರು ಭಾಗದಲ್ಲಿ ಅವನ ಅಂಗಡಿ. ಇಪ್ಪತ್ತೈದರ ಪೋರ, ಮಾತು ಮಾತ್ರ ಅರವತ್ತರದು.

"ಅದು ಕಾನ್‌ಫ್ಲಿಕ್ಟ್ ಅಂತಾರರಿ ಬಾಯಿ. ಪ್ರಿಂಟರಿಗೂ ಮೌಸಿಗೂ ಜಗಳ. ಇಬ್ಬರೂ ಒಂದೇ ಲೈನಿನ ಮ್ಯಾಲೆ ಕೂತಾರ. ಒಬ್ಬರನ್ನ ಎಬ್ಬಿಸಿ ಬ್ಯಾರೆ ಕಡೆ ಕೂಡಸ್ರಿ."

ಎಬ್ಬಿಸುವುದು ನನಗೆ ಗೊತ್ತಿರುವ ವಿದ್ಯೆ. ಅವನು ಹೇಳಿದಂತೆ ಮೌಸಿನ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮೌಸಿನ ವೈರನ್ನು ಹಿಂದಿನ ಬೇರೆ ಪೋರ್ಟಿಗೆ ಚುಚ್ಚಿದೆ. ಪ್ರಿಂಟರಿನದನ್ನೂ ತೆಗೆದು ಹಾಕಿದೆ. ಹಿಂದೆ ಕೈ ಹಾಕಿದಾಗ ಕಂಪ್ಯೂಟರ್ ಡಬ್ಬಿಯ ತಗಡಿನಿಂದ ಝುಮ್ ಎಂದು ಕರೆಂಟು ತಾಗಿತು. ಮಷಿನ್ ಸಹ ನನ್ನ ಮೇಲೆ ಹರಿಹಾಯುತ್ತಿದೆ.

ಗುಣವಿಲ್ಲ.

ಫೆಬ್ರವರಿ 24. ಬೀದರ

ಡಬ್ಬಿ, ಪ್ರಿಂಟರ್, ಮೌಸ್ ಎಲ್ಲ ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತು ತಂದೆ. ಕಂಡಕ್ಟರ್ ಲಗೇಜು ಎಂದು ಜಗಳ ತೆಗೆದ. ಕೂಸಿಗೂ ಲಗೇಜು ಹಾಕ್ತೀಯೇನು ಎಂದು ಗದರಿದೆ, ಸುಮ್ಮನಾದ.

ಮೈಲೂರಿನಲ್ಲಿ ದತ್ತಾತ್ರಿ ಎಲ್ಲ ಜೋಡಿಸಿ ಹಚ್ಚಿದ. ಹತ್ತು ಪುಟ ತೆಗೆದ. ಮೌಸ್ ಬೆಣ್ಣೆಯ ಮೇಲೆ ಓಡಾಡಿದಂತೆ ಓಡಾಡಿತು. ಇನ್ನೂ ಇಪ್ಪತ್ತು ತೆಗಿ ಎಂದೆ, ತೆಗೆದ. ಏನೂ ಆಗಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

"ಮಷಿನ್ ಬಂಗಾರ ಅದರಿ. ನಡಸೋ ಕೈ ನೋಡ್ಕೋಬೇಕು" ಅಂದ. ಯಾರೋ ನಕ್ಕರು.

ಅವನಿಗೆ ಏನು ಹೇಳಿದೆನೋ ಇಲ್ಲಿ ಬರೆಯುವುದಿಲ್ಲ. ಅವನ ಅವ್ವನಿಗೆ ತಲುಪಿದರೆ ಬೇಜಾರಾದಾಳು.

ಫೆಬ್ರವರಿ 25. ಭಾಲ್ಕಿ

ತಂದು ಹಚ್ಚಿದೆ. ಮೊದಲ ಪುಟಕ್ಕೇ ಹುಚ್ಚು.

ಮಾರ್ಚ್ 4

ಖಟಕ ಚಿಂಚೋಳಿ ಕಡೆಯ ಶಾಲೆಯ ಹೆಡ್ ಮಾಸ್ತರ ಮಚ್ಛೇಂದ್ರ ಬಂದಿದ್ದರು. ಪ್ರಶ್ನೆಪತ್ರಿಕೆಯ ಪ್ರತಿ ಕಡಿಮೆ ಮಾಡಿ ಎಂದರು. ಮಕ್ಕಳು ತಂದೆತಾಯಿಯ ಹಿಂದೆ ಇಟ್ಟಿಗೆ ಭಟ್ಟಿಗೆ ಹೋಗಿದ್ದಾರೆ, ಆರನೇ ತರಗತಿಯಲ್ಲಿ ಬೆಂಚೇ ಜಾಸ್ತಿ. ಆಮೇಲೆ ನಿಧಾನಕ್ಕೆ ಗಂಟಲು ಸರಿಮಾಡಿಕೊಂಡರು.

"ಬಾಯಿ, ಉಳಿದ ಶಾಲಿಯವರು ಕೇಳ್ಲಾಕತ್ತಾರ. ಆಗ್ತದೋ ಇಲ್ಲೋ ಒಂದ ಮಾತ ಹೇಳ್ರಿ. ಇಲ್ಲಾಂದ್ರ ನಾವು ಬೀದರಕ್ಕ ಕೊಡ್ತೇವಿ."

"ಆಗ್ತದ" ಎಂದೆ. ಅಷ್ಟರಲ್ಲಿ ಪ್ರಿಂಟರ್ ಮೇಲಿನ ಹಾಳೆ ಓರೆಯಾಗಿ ಹರಿದು ಅವರ ಕಾಲ ಬುಡಕ್ಕೇ ಬಿತ್ತು. ಎತ್ತಿ ನನ್ನ ಕೈಗೆ ಕೊಟ್ಟು ಹೋದರು.

ಮಾರ್ಚ್ 6

ದತ್ತಾತ್ರಿ ತಾನೇ ಭಾಲ್ಕಿಗೆ ಬಂದ. ಹೊಸ ಮೌಸ್ ತಂದಿದ್ದ. ಹೊಸ ವೈರು. ಒಂದು ಗಂಟೆಯಲ್ಲಿ ಹೊಸ ಮೌಸಿಗೂ ಹುಚ್ಚು ಹಿಡಿಯಿತು. ಆಗಲಾದರೂ ನನ್ನ ಕೈಯ ತಪ್ಪಲ್ಲ ಎಂದು ಒಪ್ಪಬೇಕೋ ಬೇಡವೋ? ಇಲ್ಲ. ಬೀದರದಾಗ ನಡೀತದ, ಇಲ್ಲಿ ನಡೆಯಂಗಿಲ್ಲ ಅಂದರ ನಾ ಏನ ಮಾಡ್ಲಿ ಎಂದು ನನ್ನ ಮೇಲೇ ಏರಿ ಬಂದ. ನಾನು, ಈ ಜಾಗದಲ್ಲೇ ಏನೋ ದೋಷವಿದೆ ನೋಡು ಎಂದೆ.

"ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ" ಎಂದುಬಿಟ್ಟ.

ಹೊಸ ಮೌಸನ್ನು ಅವನ ಎದೆಗೆ ಎಸೆದೆ. ಹಿಡಿದುಕೊಂಡು ಹೋದ. ಇನ್ನು ಫೋನ್ ಮಾಡಬ್ಯಾಡರಿ ಎಂದು ಬಾಗಿಲಲ್ಲಿ ನಿಂತು ಹೇಳಿದ.

ಮಾರ್ಚ್ 9

ಇವತ್ತು ನಡೆಯಿತು! ಎರಡು ಶಾಲೆಯ ಕನ್ನಡ, ಒಂದರ ಸಮಾಜ, ಮುಗಿಸಿದೆ. ಏಕೆ ನಡೆಯಿತೋ ಗೊತ್ತಿಲ್ಲ. ಮಷಿನಿಗೆ ನನ್ನ ಬೈಗುಳ ತಾಗಿರಬೇಕು.

ಹೊರಗೆ ಟ್ಯಾಂಕರಿನ ಗದ್ದಲ. ಕಲಾಯಿಯವನ ಜಾಗ ಖಾಲಿ ಬಿದ್ದಿದೆಯೆಂದು ಪಂಢರಿ ಇವತ್ತಿನಿಂದ ಟ್ಯಾಂಕರನ್ನು ಬೇವಿನ ನೆರಳಿಗೇ ನಿಲ್ಲಿಸತೊಡಗಿದ್ದಾನೆ. ವಾಲ್ವು ಸೋರಿ ನನ್ನ ಗೋಡೆಯ ಬುಡವೆಲ್ಲ ಕೆಸರು. ಹೋಗಿ ಜಗಳ ಮಾಡಬೇಕೆಂದಿದ್ದೆ, ಕೆಲಸ ಸಾಗುತ್ತಿತ್ತು, ಬಿಟ್ಟೆ.

ಮಾರ್ಚ್ 11

ಮತ್ತೆ ಹುಚ್ಚು. ನಿನ್ನೆ ಅರ್ಧ ಹುಚ್ಚು, ಇವತ್ತು ಪೂರ್ತಿ.

ಮಾರ್ಚ್ 12

ಟ್ಯಾಂಕರ್ ಬಂತು. ವಾಲ್ವು ಸೋರಿತು. ಮಧ್ಯಾಹ್ನದ ಹೊತ್ತಿಗೆ ಮೌಸ್ ಸಾಧುವಾಯಿತು.

ಪ್ರಿಂಟರ್ ಓಡುತ್ತಿರುವಾಗಲೇ ಎದ್ದು ಹೊರಗೆ ಹೋದೆ. ಗೋಡೆಯ ಬುಡದಲ್ಲಿ ಒಂದು ಹಾಸುಗಲ್ಲು. ಅದರ ಮೇಲೆಯೇ ಖಾಸಿಂ ಪಾತ್ರೆ ಬೋರಲು ಹಾಕುತ್ತಿದ್ದ. ಆ ಕಲ್ಲು ನನ್ನದು. ಕಂಪ್ಯೂಟರ್ ತರುವ ಮುಂಚೆ ಕರೆಂಟಿನವನು ಅಲ್ಲಿ ಗುಂಡಿ ತೋಡಿ, ತಾಮ್ರದ ಪಟ್ಟಿ ಹೂತು, ಇದ್ದಿಲು ಮತ್ತು ಉಪ್ಪು ತುಂಬಿ, ಅರ್ಥಿಂಗ್ ಮಾಡಿ ಹೋಗಿದ್ದ. ವಾರಕ್ಕೊಂದು ಕೊಡ ನೀರು ಹಾಕ್ರಿ ಬಾಯಿ, ನೆಲ ಒಣಗಿದರ ಕರೆಂಟು ಎಲ್ಲಿ ಇಳೀಬೇಕೋ ತಿಳೀದೆ ಮಷಿನಿನಾಗೇ ಓಡಾಡತದ ಎಂದು ಹೇಳಿದ್ದ. ಹೂಂ ಅಂದಿದ್ದೆ.

ಏಳು ವರ್ಷದಲ್ಲಿ ಒಂದು ದಿನವೂ ಒಂದು ತಂಬಿಗೆ ನೀರು ಹಾಕಿದವಳಲ್ಲ ನಾನು. ಹಾಕುವ ಪ್ರಸಂಗವೇ ಬರಲಿಲ್ಲ. ದಿನಕ್ಕೆ ನಾಲ್ಕು ಬಕೆಟ್ ಅವನು ಚೆಲ್ಲುತ್ತಿದ್ದ. ಇದ್ದಿಲಿನ ಪುಡಿ ಅದರಲ್ಲೇ, ಉಪ್ಪಿನ ಬದಲು ನವಸಾಗರ ಅದರಲ್ಲೇ.

ಎಂಥ ಸಿಟ್ಟು ಬಂತೆಂದರೆ ಆ ಕಲ್ಲಿಗೇ ಒದ್ದೆ. ಹೆಬ್ಬೆರಳು ಊದಿದೆ. ಆ ಮನುಷ್ಯ ಇಲ್ಲಿಂದ ಹೋಗಿಯೂ ನನ್ನನ್ನು ಬಿಡುವುದಿಲ್ಲ! ಪ್ರಿಂಟರಿಗೂ ಮೌಸಿಗೂ ಜಗಳವೇ ಇರಲಿಲ್ಲ. ನೆಲವೇ ಡೊಂಕಿತ್ತು ಕಣೋ ದತ್ತಾತ್ರಿ.

ಮಾರ್ಚ್ 14

ನೆಲ ಮತ್ತೆ ಬಿರಿದಿತ್ತು. ನನ್ನ ಪಾಲಿನ ನೀರು, ನನ್ನ ಗುಂಡಿ, ಯಾರಪ್ಪನ ಗಂಟು ಎಂದು ಒಂದು ಕೊಡ ತಂದು ಕಲ್ಲು ಸರಿಸಿ ಹೊಯ್ದೆ. ಚೊರ್ ಎಂದು ಕುಡಿಯಿತು.

ತಿರುಗಿ ನೋಡಿದರೆ ಅಕ್ತರಬೀ ನಿಂತಿದ್ದಳು. ಓಣಿಯೆಲ್ಲ ಕೇಳುವಂತೆ ಶುರು ಮಾಡಿದಳು.

"ನೋಡಬರ್ರಿ ಎಲ್ಲಾರೂ! ನನ್ನ ಗಂಡ ಹೊಲಸು ನೀರು ಚೆಲ್ಲಿದರ ಗುನ್ಹಾ. ಈಕಿ ಕುಡಿಯೋ ನೀರು ಮಣ್ಣಿಗಿ ಹಾಕಿದರ ಪುಣ್ಯಾ ಏನ್ರಿ?"

ಖಾಲಿ ಕೊಡ ಹಿಡಿದ ಹೆಂಗಸರು ಸುತ್ತ ನಿಂತರು. ಅರ್ಥಿಂಗ್ ಎಂದೆ, ಮಷಿನ್ ಎಂದೆ, ಪರೀಕ್ಷೆ ಎಂದೆ. ಯಾರ ತಲೆಗೂ ಏನೂ ಇಳಿಯಲಿಲ್ಲ. ಹೇಳುತ್ತಿದ್ದ ನನಗೇ ಅದು ನೆವದಂತೆ ಕೇಳಿಸಿತು. ಪಂಢರಿ ಬಂದು ತಲೆ ಕೆರೆದುಕೊಂಡ.

"ಬಾಯಿ, ರೂಲ್ ನೀವೇ ಟೈಪ್ ಮಾಡಿ ಕೊಟ್ಟಿದ್ದರಿ. ಮುಂದಿನ ಟ್ಯಾಂಕರಿಗಿ ನಿಮ್ಮ ಸರದಿ ಇಲ್ಲರಿ."

ಮನೆಯಲ್ಲಿ ಉಳಿದಿರುವುದು ಅರ್ಧ ಕೊಡ. ಇನ್ನೂ ಮೂರು ಶಾಲೆಯ ಕೆಲಸ ಬಾಕಿ. ಪಂಢರಿ ಟ್ಯಾಂಕರನ್ನೂ ಇನ್ನು ಆ ಕಡೆ ನಿಲ್ಲಿಸುತ್ತಾನಂತೆ, ನನ್ನ ಗೋಡೆ ಹಾಳಾಗಬಾರದೆಂದು. ಒಳ್ಳೆಯವನು, ಹಾಳಾಗಿ ಹೋಗಲಿ.

ಮಾರ್ಚ್ 16. ಔರಾದದಿಂದ ಬಂದ ಮೇಲೆ

ಕೆಲಸಕ್ಕಾಗಿ ಹೋದೆ. ಬೇರೇನೂ ಇಲ್ಲ. ಅವನು ಬಂದು ಕುಳಿತರೆ ಅವನ ಹೊಲಸು ನೀರಿನಿಂದ ನನ್ನ ಕೆಲಸ ಸಾಗುತ್ತದೆ, ಅಷ್ಟೇ ಲೆಕ್ಕ.

ಬಸ್ಸು ಕೆಟ್ಟು ಬಿಸಿಲಲ್ಲಿ ನಡೆದೆ. ದಾರಿಯಲ್ಲಿ ಒಂದು ಹಸಿರು ಎಲೆ ಕಾಣಲಿಲ್ಲ. ಮನೆಯ ಅರ್ಧ ಕೊಡ ಮುಟ್ಟಬಾರದೆಂದು ಬೆಳಿಗ್ಗೆಯಿಂದ ಎರಡೇ ಗುಟುಕು ಕುಡಿದು ಹೊರಟಿದ್ದೆ. ಅಯ್ಯುಬನ ಅಂಗಳ ಹುಡುಕುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಖಾಸಿಂ ಒಂದು ಪಾತೇಲಿ ಉಜ್ಜುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಮತ್ತೆ ಕುಳಿತ. ಆಮೇಲೆ ಎದ್ದು ಒಳಗೆ ಹೋಗಿ ಒಂದು ಗ್ಲಾಸು ನೀರು ತಂದು ಕೊಟ್ಟ. ಗಟಗಟ ಕುಡಿದೆ. ಇನ್ನೊಂದು ತಂದ. ಅದನ್ನೂ ಕುಡಿದೆ.

ಆಮೇಲೆ ಹೇಳಿದೆ. ಗುಂಡಿ, ತಾಮ್ರದ ಪಟ್ಟಿ, ಮೌಸ್, ಎಲ್ಲ. ನಿಮ್ಮ ಜಾಗ ಖಾಲಿ ಬಿದ್ದಿದೆ, ಬಂದು ಕುಳಿತುಕೊಳ್ಳಿ ಎಂದೆ. ಅವನು ಮೊದಲು ಮಿಕಿಮಿಕಿ ನೋಡಿದ. ತಿಳಿದ ಮೇಲೆ ಕೆಮ್ಮು ಬರುವ ತನಕ ನಕ್ಕ. ನಗಲಿ, ಅವನ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಗು ನಿಂತ ಮೇಲೆ ಪಾತೇಲಿಯ ಒಳಗೇ ನೋಡುತ್ತ ಹೇಳಿದ: "ಏಳು ವರ್ಷ ನಿಮ್ಮ ಮಷಿನಿಗಿ ನಾ ನೀರು ಕುಡಸೇನಿ. ಬೆಂಕಿ ಮುಂದ ಕುಂತವಗ, ಖಾಸಿಂ, ಒಂದು ಗುಟುಕು ನೀರು ಕುಡಿ ಅಂತ ನೀವು ಒಂದು ದಿವಸ ಅಂದಿಲ್ಲರಿ."

ಖಾಲಿ ಗ್ಲಾಸು ಕೈಯಲ್ಲೇ ಇತ್ತು, ಎಲ್ಲಿಡಬೇಕೋ ತಿಳಿಯಲಿಲ್ಲ.

"ಬರ್ತೀರೇನು ಇಲ್ಲೇನು ಹೇಳ್ರಿ" ಎಂದೆ ಕಡೆಗೆ.

"ಅರ್ಜಿಯಾಗ ನನ್ನ ಹೆಸರು ಅದರಿ ಬಾಯಿ. ನೀರು ವ್ಯರ್ಥ ಮಾಡೋನು ಅಂತ. ಅದು ಇರೋ ತನಕ ಆ ಓಣಿಗಿ ಹ್ಯಾಂಗ ಬರ್ಲಿ?"

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಯಾಕೋ ದಾರಿಯುದ್ದಕ್ಕೂ ಅವ್ವನ ನೆನಪು. ಬಿಸಿಲು ತಲೆಗೇರಿರಬೇಕು.

ಮಾರ್ಚ್ 17

ತಲೆನೋವು. ಏನೂ ಬರೆಯುವಂಥದ್ದಿಲ್ಲ.

ಮಾರ್ಚ್ 18

ಕಮಿಟಿಗೆ ಇನ್ನೊಂದು ಅರ್ಜಿ ಕೊಟ್ಟೆ. ಕಂಪ್ಯೂಟರ್ ಕೈಕೊಟ್ಟಿದೆ, ಹಳೆಯ ಟೈಪ್‌ರೈಟರಿನ ಧೂಳು ಕೊಡವಿ ಹೊಡೆದೆ. ಉದ್ದ ಬರೆಯಲು ಹೋಗಿ ನಾಲ್ಕು ಹಾಳೆ ಹರಿದೆ. ಕಡೆಗೆ ಉಳಿದದ್ದು ಇಷ್ಟೇ: "ಖಾಸಿಂ ಅಲಿಯವರು ಚೆಲ್ಲುತ್ತಿದ್ದ ನೀರು ವ್ಯರ್ಥವಾಗುತ್ತಿರಲಿಲ್ಲ. ಅವರ ಹೆಸರು ತೆಗೆಯಬೇಕು. ರೂಲಿನಲ್ಲಿ ನೀರು ಎಂದಿರುವಲ್ಲಿ ಕುಡಿಯುವ ನೀರು ಎಂದಾಗಬೇಕು."

ಕೊಟ್ಟು ಬಂದುಬಿಡೋಣ ಎಂದಿದ್ದೆ. ಟ್ಯಾಂಕರಿಗೆ ಜನ ಸೇರಿತ್ತು. ಪಂಢರಿಗೆ ಕನ್ನಡಕ ಇರಲಿಲ್ಲ.

"ನೀವೇ ಓದಿಬಿಡ್ರಿ ಬಾಯಿ, ಜೋರಾಗಿ. ಎಲ್ಲಾರೂ ಕೇಳ್ಲಿ."

ಓದಿದೆ. ನನ್ನ ದನಿ ಪಾಠ ಒಪ್ಪಿಸುವ ಹುಡುಗಿಯದಾಯಿತು. ಒಬ್ಬಳು ಕಿಸಕ್ಕೆಂದಳು. ಅಕ್ತರಬೀ ಸರದಿಯ ಕೊನೆಯಲ್ಲಿ ಸೆರಗು ಹೊದ್ದು ನಿಂತಿದ್ದಳು, ಇನ್ನೊಂದ ಸಲ ಓದರಿ ಎಂದಳು. ಇನ್ನೊಂದು ಸಲ ಓದಿದೆ. ಇಂಥ ಅವಮಾನ ನನಗೆ ಹುಟ್ಟಿದಾಗಿನಿಂದ ಆಗಿಲ್ಲ. ಕೆಲಸಕ್ಕಾಗಿ ಎಂದು ಹಲ್ಲು ಕಚ್ಚಿ ನಿಂತೆ.

ಕಮಿಟಿ ಒಪ್ಪಿತು.

ಮಾರ್ಚ್ 19

ಬೆಳಿಗ್ಗೆ ಗೋಡೆಯ ಆಚೆ ಧಡಲ್ ಎಂದು ಸದ್ದು. ಹೋಗಿ ನೋಡಿದರೆ ಅಕ್ತರಬೀ ಪಾತ್ರೆ ತೊಳೆದ ನೀರಿನ ಬಕೆಟ್ಟನ್ನು ಕಲ್ಲಿನ ಸಂದಿಗೆ ಬಗ್ಗಿಸುತ್ತಿದ್ದಳು. ಸಂಗಡ ಒಂದು ಬುಟ್ಟಿ ಬೂದಿ, ಇದ್ದಿಲಿನ ಚೂರು.

"ನಿಮ್ಮ ಸಲುವಾಗಿ ಅಲ್ಲರಿ. ನಮ್ಮವರು ಬಂದು ಕೂಡೋ ಜಾಗಾ ಅದ, ಒಣಗಬಾರದು."

"ನಾನು ಕೇಳಿಲ್ಲ" ಎಂದೆ.

"ನಾನೂ ಹೇಳಿಲ್ಲ" ಎಂದು ಬಕೆಟ್ ಬೀಸುತ್ತ ಹೋದಳು.

ನಾನು ಮುಸುರೆ ನೀರು, ಮುಖ ತೊಳೆದ ನೀರು, ಒಂದು ಹಿಡಿ ಉಪ್ಪು ಸೇರಿಸಿ ಹೊಯ್ದೆ. ಹತ್ತು ಗಂಟೆಗೆ ಪ್ರಿಂಟರ್ ಹಚ್ಚಿದೆ. ಬಾಣ ಅಲುಗಾಡದೆ ನಿಂತಿತು. ಡಬ್ಬಿ ಮುಟ್ಟಿದೆ, ಝುಮ್ ಎನ್ನಲಿಲ್ಲ. ಎರಡು ಶಾಲೆ ಮುಗಿಯಿತು.

ಮಾರ್ಚ್ 22

ಮಚ್ಛೇಂದ್ರ ಮಾಸ್ತರರು ಕಟ್ಟು ಒಯ್ದರು. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಬೀದರಕ್ಕಿಂತ ಛಲೋ ಬಂದದರಿ ಎಂದರು. ಮುಂದಿನ ವರ್ಷವೂ ನನಗೇ ಅಂತೆ. ಮುಂದಿನ ವರ್ಷ ಮಕ್ಕಳು ಇರಬೇಕಲ್ಲ ಎಂದೂ ಅವರೇ ಅಂದರು.

ದತ್ತಾತ್ರಿಗೆ ಫೋನ್ ಮಾಡಿ ನೆಲದ ವಿಷಯ ಹೇಳಿ ಚೆನ್ನಾಗಿ ಝಾಡಿಸಿದೆ. ಹೌದ್ರಿ ಬಾಯಿ, ತಪ್ಪಾತರಿ ಬಾಯಿ ಎಂದ. ಅಂದುಕೊಂಡಷ್ಟು ಖುಷಿಯಾಗಲಿಲ್ಲ.

ಏಪ್ರಿಲ್ 2

ಕೆಲಸ ಕಡಿಮೆ. ಟ್ಯಾಂಕರ್ ಬಂತೇನೋ ಎಂದು ಮೂರು ಸಲ ಕಿಟಕಿಗೆ ಹೋದೆ. ಟ್ಯಾಂಕರ್ ಬೆಳಿಗ್ಗೆಯೇ ಬಂದು ಹೋಗಿತ್ತು. ಬೇವು ಚಿಗುರಿದೆ.

ಏಪ್ರಿಲ್ 9

ಔರಾದದ ಬಸ್ಸು ಇತ್ತೀಚೆಗೆ ಹೊತ್ತಿಗೆ ಸರಿಯಾಗಿ ಬರುವುದೇ ಇಲ್ಲ. ಯಾರೂ ಕೇಳುವವರಿಲ್ಲ.

ಏಪ್ರಿಲ್ 21

ಖಾಸಿಂ ಅಲಿ ಬಂದ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಬೇವಿನ ಕೆಳಗೆ ಗಂಟು ಬಿಚ್ಚುತ್ತಿದ್ದ. ಬರುತ್ತೇನೆಂದು ಒಂದು ಮಾತು ಕಳಿಸಬಾರದೇ? ನನಗೂ ನೂರು ಕೆಲಸ ಇರುತ್ತವೆ. ಸಲಾಮ್ ಎಂದ, ಹೂಂ ಎಂದೆ.

ತಿದಿ ಕೂಡಿಸಲು ಮಣ್ಣು ಕೆದರುತ್ತಿದ್ದವನ ಬೆನ್ನು ಆಗಲೇ ಬೆವರಿನಿಂದ ಒದ್ದೆಯಾಗಿತ್ತು. ಒಳಗೆ ಹೋದೆ. ಗ್ಲಾಸು ತೊಳೆದಿರಲಿಲ್ಲ. ಕೈಗೆ ಸಿಕ್ಕಿದ್ದು ಅವ್ವನ ತಂಬಿಗೆ, ಅದನ್ನೇ ತುಂಬಿ ತಂದು ಮುಂದೆ ಚಾಚಿದೆ.

ಅವನು ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಒಳಗೆ ಇಣುಕಿ, "ಕಲಾಯಿ ಹೋಗ್ಯಾದಲ್ಲರಿ" ಎಂದ. ಆಮೇಲೆ ತುಟಿ ಹಚ್ಚಿ ಕುಡಿದ. ಆ ತಂಬಿಗೆಗೆ ನಮ್ಮ ಮನೆಯವರಲ್ಲದೆ ಯಾರೂ ತುಟಿ ಹಚ್ಚಿದ್ದನ್ನು ನಾನು ನೋಡಿರಲಿಲ್ಲ.

ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಗೋಡೆಯ ಬುಡದ ಕಲ್ಲಿನ ಸಂದಿಗೆ ನಿಧಾನಕ್ಕೆ ಬಗ್ಗಿಸಿದ.

"ಆಕಿಗೂ ನೀರಡಿಕಿ ಆಗಿರತದರಿ" ಎಂದು ಕಿಟಕಿಯೊಳಗಿನ ಮಷಿನಿನ ಕಡೆ ಗದ್ದ ಎತ್ತಿ ತೋರಿಸಿದ.

"ಕುಡಿಯೋ ನೀರು ನೆಲಕ್ಕ ಚೆಲ್ತೀರೇನ್ರಿ? ರೂಲ್ ಅದ!" ಎಂದು ಗಟ್ಟಿಯಾಗಿ ಬೈದೆ. ಅವನು ತಂಬಿಗೆಯನ್ನು ನನಗೆ ವಾಪಸು ಕೊಡಲಿಲ್ಲ. ಬೆಂಕಿಯ ಪಕ್ಕ ಇಟ್ಟುಕೊಂಡ, ಇವತ್ತಿನ ಮೊದಲ ಕೆಲಸವೆಂದು.

ಹೊತ್ತೇರುವಷ್ಟರಲ್ಲಿ ಅದೇ ಬಿಳಿ ಹೊಗೆ, ಅದೇ ಘಾಟು, ನೇರ ನನ್ನ ಮೂಗಿಗೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಈ ಮನುಷ್ಯ ಸುಧಾರಿಸುವವನಲ್ಲ. ಕಿಟಕಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ.